ಮಕ್ಕಳೊಡನೆ ತಂಗುವ ತಾಣ

ಬೇಸಗೆಯ ರಜ ಹತ್ತಿರವಾಯಿತೆಂದರೆ ನಮ್ಮ ಸಂಜಯನಗರದ ಮನೆಮನೆಯಲ್ಲಿಯೂ ಒಂದೇ ಸಮಾಲೋಚನೆ. ಮೈಸೂರಿಗೋ, ಮಡಿಕೇರಿಗೋ, ಧರ್ಮಸ್ಥಳಕ್ಕೋ, ಹಂಪೆಗೋ ಎಂಬ ಪ್ರಶ್ನೆ ಹೇಗೋ ಬಗೆಹರಿಯುತ್ತದೆ. ಅದರ ಬೆನ್ನಿಗೇ ಏಳುವ ಪ್ರಶ್ನೆ ಅಷ್ಟು ಸುಲಭದ್ದಲ್ಲ: ಹೋದ ಊರಿನಲ್ಲಿ ಇಳಿದುಕೊಳ್ಳುವುದೆಲ್ಲಿ? ಒಂಟಿಯಾಗಿ ಹೊರಟ ಗಂಡಸಿಗೆ ಬಸ್ಸು ನಿಲ್ದಾಣದ ಕಲ್ಲುಬೆಂಚಾದರೂ ಸಾಕಾದೀತು. ಕೈಗೂಸು, ಶಾಲೆಗೆ ಹೋಗುವ ಮಕ್ಕಳು, ಮುಪ್ಪಿನ ಅಜ್ಜಿ ಜೊತೆಗಿದ್ದರೆ ಹಾಗಾಗದು. ಕುಡಿಯುವ ನೀರು, ಹೊತ್ತಿಗೆ ಸರಿಯಾಗಿ ಹಾಲು, ಬಾಗಿಲಿಗೆ ಭದ್ರವಾದ ಅಗಳಿ, ರಾತ್ರಿಯ ನೆಮ್ಮದಿ ಇವೆಲ್ಲವನ್ನೂ ವಿಚಾರಿಸಬೇಕು. ಈ ಚಿಂತೆ ಇಂದು ನಿನ್ನೆಯದಲ್ಲ. ದಾರಿ ಎಷ್ಟು ಹಳೆಯದೋ ದಾರಿಗನ ರಾತ್ರಿಯ ಚಿಂತೆಯೂ ಅಷ್ಟೇ ಹಳೆಯದು. ಅದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉತ್ತರಗಳೇನು ಎಂಬುದನ್ನು ತಿಳಿದರೆ, ಇಂದು ಆಯ್ಕೆ ಮಾಡುವುದಕ್ಕೂ ಅದು ನೆರವಾದೀತು.

ಮೊದಲು ಮಾತುಗಳನ್ನೇ ನೋಡೋಣ. ತಿಥಿಯನ್ನು ಗೊತ್ತುಮಾಡದೆ ಬರುವವನು ‘ಅತಿಥಿ’ ಎಂದು ಹಿಂದಿನವರು ಅರ್ಥ ಹೇಳುತ್ತಿದ್ದರು. ಇಂದು ತಿಥಿಯನ್ನು ಗೊತ್ತುಮಾಡಿ ಮುಂಗಡ ಕಟ್ಟದಿದ್ದರೆ ರಜೆಯ ದಿನಗಳಲ್ಲಿ ಕೋಣೆಯೇ ಸಿಗದು! ‘ಸತ್ರ’ವೆಂದರೆ ಮೂಲದಲ್ಲಿ ಬಹುದಿನ ನಡೆಯುವ ಯಾಗ. ಅಲ್ಲಿ ಬಂದವರಿಗೆಲ್ಲ ಅನ್ನವಿಕ್ಕುತ್ತಿದ್ದುದರಿಂದ ಅನ್ನವಿಕ್ಕುವ ಮನೆಗೂ ಅದೇ ಹೆಸರಾಯಿತು. ಜನರ ನಾಲಗೆಯಲ್ಲಿ ಅದು ಛತ್ರವಾಗಿ, ಕೊಡೆಯಂತೆ ನೆರಳು ಕೊಡುವುದೆಂಬ ಅರ್ಥವನ್ನೂ ಪಡೆಯಿತು. ದಾರಿಯ ಬದಿಯಲ್ಲಿ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆಯ ‘ಅಱ’ವೆಂದರೆ ಹಳಗನ್ನಡದಲ್ಲಿ ಧರ್ಮ. ‘ಹೋಟೆಲು’ ಎಂಬ ಮಾತನ್ನಾದರೋ ನಾವು ತಿಂಡಿ ತಿನ್ನುವ ಮನೆಗೇ ಇಟ್ಟುಕೊಂಡು, ತಂಗುವ ಮನೆಗೆ ‘ಲಾಡ್ಜು’ ಎಂದು ಬೇರೆ ಹೆಸರಿಟ್ಟಿದ್ದೇವೆ.

ನಮ್ಮ ಬಡಾವಣೆಗೆ ಸಮೀಪದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲೊಂದನ್ನು ನೀವು ಕೇಳಿರಬಹುದು. ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಆ ಶಾಸನ, ಪೆರ್ಬೊಳಲು ನಾಡಿನ ಕಿತ್ತಯ್ಯನೆಂಬ ವೀರ ಕಾದಿ ಮಡಿದುದನ್ನು ಹೇಳುತ್ತದೆ. ಇಂದು ಬಳ್ಳಾರಿ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟುವ ನೆಲದಲ್ಲಿ ಅಂದು ಊರನ್ನು ಉಳಿಸಿಕೊಳ್ಳುವುದಕ್ಕೇ ಪ್ರಾಣ ಕೊಡಬೇಕಾಗಿತ್ತು. ಅಂತಹ ದಿನಗಳಲ್ಲಿ ಕತ್ತಲಾದ ಮೇಲೆ ಹೆಂಡತಿ ಮಕ್ಕಳೊಡನೆ ಬಯಲಲ್ಲಿ ಉಳಿಯುವುದೆಂದರೆ ಏನೆಂಬುದನ್ನು ನೀವೇ ಊಹಿಸಿಕೊಳ್ಳಿ. ಆದುದರಿಂದಲೇ ತಂಗುವ ಮನೆಯನ್ನು ಕಟ್ಟಿಸುವುದು ಕೆರೆ ಕಟ್ಟಿಸಿದಷ್ಟೇ ದೊಡ್ಡ ಪುಣ್ಯವೆನಿಸಿತು.

ಈ ಪುಣ್ಯದ ವಿಸ್ತಾರವನ್ನು ಕಾಣಬೇಕಾದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋಗಬೇಕು. ಅಲ್ಲಿನ ಕೋಡಿಯಮಠವನ್ನು ಕುರಿತ 1162ರ ಶಾಸನ, ಆ ಮಠವು ವಿದ್ಯೆಯ ನೆಲೆಯಾಗಿದ್ದುದನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಭಿಕ್ಷುಗಳು ಎಲ್ಲರಿಗೂ ಅಲ್ಲಿ ಅನ್ನವುಂಟು, ರೋಗಿಗಳಿಗೆ ಚಿಕಿತ್ಸೆಯುಂಟು, ಅಂಜಿ ಬಂದವರಿಗೆ ಅಭಯವುಂಟು ಎಂದು ಎಣಿಸಿ ಹೇಳುತ್ತದೆ. ಊಟ, ಔಷಧ, ಅಭಯ: ಮಕ್ಕಳೊಡನೆ ಹೊರಟ ತಾಯಿ ಇಂದಿಗೂ ಕೇಳುವುದು ಈ ಮೂರನ್ನೇ ಅಲ್ಲವೆ?

ಮಠವಿಲ್ಲದ ಕಡೆ ಗುಡಿಯ ಜಗಲಿಯೇ ದಾರಿಗನ ಮನೆ. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದ ಕಡೆಯಿಂದ ಘಟ್ಟವನ್ನು ಹತ್ತಿ ಇಕ್ಕೇರಿಗೆ ಬಂದನು. ದಾರಿಯಲ್ಲಿ ಸಾಮಾನು ಹೊರೆ ಕಟ್ಟುವವರೆಗೆ ಗುಡಿಯೊಂದರ ಜಗಲಿಯಲ್ಲಿ ಕುಳಿತಿದ್ದಾಗ, ಪುಟ್ಟ ಹುಡುಗರು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಬರೆಯುತ್ತ, ಒಟ್ಟಾಗಿ ರಾಗವಾಗಿ ಹಾಡುತ್ತ ಲೆಕ್ಕ ಕಲಿಯುವುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಊರಿನ ಶಾಲೆಯೂ ಪರದೇಶಿಯ ತಂಗುದಾಣವೂ ಒಂದೇ ಜಗಲಿಯಲ್ಲಿ ಹೊಂದಿಕೊಂಡಿದ್ದ ಕಾಲವದು.

ಧರ್ಮದ ಜೊತೆಗೆ ಕಾನೂನೂ ಇರಬೇಕೆಂಬುದನ್ನು ಬಲ್ಲವರು ಮೊದಲಿನಿಂದಲೂ ಇದ್ದರು. ಧರ್ಮಶಾಲೆಯನ್ನು ನೋಡಿಕೊಳ್ಳುವವನು ಹೊಸಬರಿಗೆ ಇಂಬು ಕೊಡುವ ಮೊದಲು ಊರಿನ ಅಧಿಕಾರಿಗೆ ತಿಳಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಇಂದು ಹೋಟೆಲಿನವರು ಗುರುತಿನ ಚೀಟಿ ಕೇಳಿದಾಗ ಮುಖ ಗಂಟಿಕ್ಕುವವರು ಇದನ್ನು ನೆನೆಯಬಹುದು. ಬ್ರಿಟಿಷರ ಆಳಿಕೆಯಲ್ಲಿ 1867ರಲ್ಲಿ ‘ಸರಾಯಿ’ಗಳ ಬಗೆಗೆ ಒಂದು ಕಾಯಿದೆ ಬಂದಿತು. ಸರಾಯಿಯನ್ನು ನೋಂದಾಯಿಸಬೇಕು; ಕೋಣೆ, ಜಗಲಿ, ಚರಂಡಿ, ಬಾವಿಗಳನ್ನು ಶುಚಿಯಾಗಿಡಬೇಕು; ತಂಗಿದವರಲ್ಲಿ ಯಾರಿಗಾದರೂ ಅಂಟುರೋಗ ಬಂದರೆ ಕೂಡಲೇ ಪೊಲೀಸು ಠಾಣೆಗೆ ತಿಳಿಸಬೇಕು; ಕಳ್ಳರು ಹತ್ತಿ ಇಳಿಯುವುದಕ್ಕೆ ಅನುಕೂಲವಾದ ಕೊಂಬೆಗಳನ್ನು ಕಡಿಸಬೇಕು; ಬಾಗಿಲು ಗೋಡೆಗಳನ್ನು ದುರಸ್ತಿಯಲ್ಲಿಡಬೇಕು; ಕಾವಲುಗಾರರನ್ನು ನೇಮಿಸಬೇಕು; ದರದ ಪಟ್ಟಿಯನ್ನು ಕಾಣುವಂತೆ ತೂಗುಹಾಕಬೇಕು. ಈ ಕಟ್ಟಳೆಗಳನ್ನು ಓದಿದರೆ, ಮಕ್ಕಳೊಂದಿಗರಾದ ಒಬ್ಬ ಅನುಭವಸ್ಥರೇ ಕುಳಿತು ಬರೆದಂತೆ ತೋರುತ್ತದೆ.

ಮುಂದೆ ಉಗಿಬಂಡಿ ಬಂದಿತು. 1864ರಲ್ಲಿ ಬೆಂಗಳೂರು ದಂಡಿನ ಪ್ರದೇಶಕ್ಕೆ ಜೋಲಾರಪೇಟೆಯಿಂದ ರೈಲು ಹರಿದ ಮೇಲೆ ಪ್ರಯಾಣದ ರೀತಿಯೇ ಬದಲಾಯಿತು. ಗಾಡಿ ಕಟ್ಟಿಕೊಂಡು ನೆಂಟರ ಊರಿಂದ ನೆಂಟರ ಊರಿಗೆ ಹೋಗುತ್ತಿದ್ದವರು, ನೆಂಟರೇ ಇಲ್ಲದ ಪಟ್ಟಣದಲ್ಲಿ ಅಪರಾತ್ರಿಯಲ್ಲಿ ಇಳಿಯುವಂತಾಯಿತು. ಅಧಿಕಾರಿಗಳಿಗೆ ಬಂಗಲೆಗಳಿದ್ದವು, ನಂದಿಬೆಟ್ಟದ ಮೇಲೆ ಕಮಿಷನರ್ ಕಬ್ಬನ್ನರ ಮನೆಯೇ ಇತ್ತು. ಸಾಮಾನ್ಯರ ಪಾಡೇನು? ಈ ಕೊರತೆಯನ್ನು ಕಂಡು ಮರುಗಿದವರಲ್ಲಿ ಗುಬ್ಬಿ ತೋಟದಪ್ಪನವರು ಪ್ರಮುಖರು. ಮಕ್ಕಳಿಲ್ಲದ ಈ ವರ್ತಕರು 1897ರಲ್ಲಿ ರೈಲು ನಿಲ್ದಾಣದ ಬಳಿ ನಿವೇಶನವನ್ನು ಕೊಂಡು ಛತ್ರವನ್ನು ಕಟ್ಟಿಸಿದರು. 1903ರಲ್ಲಿ ಅದು ಪ್ರಾರಂಭವಾಯಿತು. ತಮಗೆ ಮಕ್ಕಳಿಲ್ಲದಿದ್ದರೂ ಪರರ ಮಕ್ಕಳ ನಿದ್ದೆಗೆ ಸೂರು ಕಟ್ಟಿದ ಪುಣ್ಯಾತ್ಮರ ಹೆಸರು ಇಂದಿಗೂ ಬೆಂಗಳೂರಿನವರ ಬಾಯಲ್ಲಿದೆ.

ಛತ್ರದ ಬೆನ್ನಿಗೇ ಬಂದುದು ಹಣ ಕೊಟ್ಟು ಉಣ್ಣುವ, ಹಣ ಕೊಟ್ಟು ತಂಗುವ ಹೋಟೆಲು. ಅನ್ನವನ್ನು ಮಾರುವುದೇ ಎಂದು ಮೂಗಿನ ಮೇಲೆ ಬೆರಳಿಟ್ಟವರು ಆಗ ಕಡಮೆಯಲ್ಲ. ಆ ಸಂಕೋಚವನ್ನು ಕಳೆದವರು ಕರಾವಳಿಯ ಕನ್ನಡಿಗರು. 1921ರಲ್ಲಿ ಮೈಸೂರಿನಲ್ಲಿ ಸೀತಾರಾಮರಾಯರು ಮೊದಲುಮಾಡಿದ ದಾಸಪ್ರಕಾಶ, 1924ರಲ್ಲಿ ಬೆಂಗಳೂರಿನಲ್ಲಿ ಮೈಯ ಸೋದರರು ತೆರೆದು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾದ ಕಾಫಿ ಮನೆ, 1938ರಲ್ಲಿ ಮದರಾಸಿನಲ್ಲಿ ಕೃಷ್ಣರಾಯರು ನಡೆಸತೊಡಗಿದ ವುಡ್‌ಲ್ಯಾಂಡ್ಸ್ ಇವು ಆ ಸಾಹಸದ ಮೈಲಿಗಲ್ಲುಗಳು. ಹೆಂಗಸರೂ ಮಕ್ಕಳೂ ಹೊರಗೆ ಕುಳಿತು ಉಣ್ಣಲು ನಾಚುತ್ತಿದ್ದ ಕಾಲದಲ್ಲಿ, ಪರದೆ ಕಟ್ಟಿದ ‘ಫ್ಯಾಮಿಲಿ ರೂಮು’ಗಳು ಹೋಟೆಲುಗಳಲ್ಲಿ ಕಾಣಿಸಿಕೊಂಡವು. ಹಲಗೆಯ ತಡಿಕೆ, ಒಂದು ಪರದೆ, ನಾಲ್ಕು ಕುರ್ಚಿ ಇಷ್ಟೇ. ಆದರೆ ಮನೆಯ ಹೊಸಿಲನ್ನು ದಾಟಿದ ಅದೆಷ್ಟೋ ತಾಯಂದಿರು ಮೊದಲ ಸಲ ಮಸಾಲೆದೋಸೆಯ ರುಚಿ ಕಂಡುದು ಆ ಪರದೆಯ ಮರೆಯಲ್ಲಿಯೇ.

ಇಷ್ಟು ಹೇಳಿ ಮುಗಿಸಿದರೆ ಇತಿಹಾಸದ ಅರ್ಧವನ್ನು ಮುಚ್ಚಿಟ್ಟಂತಾಗುತ್ತದೆ. ಛತ್ರದ ಬಾಗಿಲು ಯಾರಿಗೆ ತೆರೆದಿತ್ತು? 1901ರ ಬೇಸಗೆಯ ರಜೆಯಲ್ಲಿ ಸಾತಾರೆಯಿಂದ ನಾಲ್ವರು ಹುಡುಗರು, ದೂರದೂರಿನಲ್ಲಿ ಕೆಲಸದಲ್ಲಿದ್ದ ಹಿರಿಯರ ಬಳಿಗೆ ಹೊಸ ಬಟ್ಟೆ ತೊಟ್ಟು ರೈಲಿನಲ್ಲಿ ಹೊರಟರು. ಮಸೂರು ನಿಲ್ದಾಣದಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಅವರು ಮಹಾರರೆಂದು ತಿಳಿದೊಡನೆ ಸ್ಟೇಷನ್ ಮಾಸ್ತರರ ಮುಖ ಬದಲಾಯಿತು. ಎರಡರಷ್ಟು ಬಾಡಿಗೆ ಕೊಟ್ಟು, ಎತ್ತಿನ ಗಾಡಿಯನ್ನು ಹುಡುಗರೇ ಹೊಡೆದುಕೊಂಡು ಹೋಗಬೇಕಾಯಿತು. ರಾತ್ರಿ ಸುಂಕದ ಕಟ್ಟೆಯ ಬಳಿ ತಂಗಿದರು. ಬುತ್ತಿ ತುಂಬಿತ್ತು, ಕುಡಿಯಲು ನೀರು ಕೊಡುವವರಿರಲಿಲ್ಲ. ಹಸಿದೇ ಮಲಗಿದರು. ಆ ಹುಡುಗರಲ್ಲೊಬ್ಬರು ಭೀಮರಾವ್ ಅಂಬೇಡ್ಕರ್. ಆ ರಾತ್ರಿಯನ್ನು ಅವರು ಮುಂದೆ ತಮ್ಮ ನೆನಪಿನ ಬರಹದಲ್ಲಿ ದಾಖಲಿಸಿದ್ದಾರೆ. ಬಳ್ಳಿಗಾವೆಯ ಶಾಸನದಲ್ಲಿ ಸಾರಿದ ಅಭಯ ಈ ಮಕ್ಕಳ ಪಾಲಿಗೆ ಬಂದಿರಲಿಲ್ಲ.

ಆ ಬಾಗಿಲನ್ನು ತೆರೆಸಿದುದು 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ. ಹೋಟೆಲು, ಬಾವಿ, ಕೆರೆಗಳಿಗೆ ಹೋಗುವುದರಲ್ಲಿ ಜಾತಿಮತಗಳ ಭೇದ ಕೂಡದೆಂದು ಅದರ ಹದಿನೈದನೆಯ ಅನುಚ್ಛೇದ ಸಾರಿತು. ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳಲ್ಲಿ ಅಸ್ಪೃಶ್ಯತೆ ಆಚರಿಸಿದರೆ ಶಿಕ್ಷೆಯೆಂದು 1955ರ ಕಾಯಿದೆ ವಿಧಿಸಿತು.

ಇನ್ನೊಂದು ಮಾತೂ ಉಂಟು. ನಮ್ಮ ಹೋಟೆಲುಗಳಲ್ಲಿ ಲೋಟ ಎತ್ತುವವನಿಗೆ ‘ಮಾಣಿ’ ಎನ್ನುತ್ತೇವೆ. ಕರಾವಳಿಯ ಮನೆಗಳಲ್ಲಿ ಆ ಮಾತಿಗೆ ಹುಡುಗನೆಂದೇ ಅರ್ಥ. ಬಡತನಕ್ಕೆ ಊರು ಬಿಟ್ಟು ಬಂದ ಎಳೆಯರು ಹಗಲೆಲ್ಲ ಮೇಜು ಒರೆಸಿ, ಮುಂಬಯಿಯಂತಹ ನಗರದಲ್ಲಿ ಕನ್ನಡದ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಹಾಗೆ ದುಡಿದು ದೊಡ್ಡವರಾದವರ ಕಥೆಯನ್ನು ನಾವು ಮೆಚ್ಚಿ ಹೇಳುತ್ತೇವೆ. ದೊಡ್ಡವರಾಗದೆ ಕಳೆದುಹೋದವರ ಕಥೆಯನ್ನು ಹೇಳುವವರಿಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ನಿಷೇಧ ಬಂದುದು 2006ರ ಅಕ್ಟೋಬರಿನಲ್ಲಿ, ಅಂದರೆ ಬಹಳ ತಡವಾಗಿ.

ಇಂದು ನಿಮ್ಮ ಮುಂದಿರುವ ದಾರಿಗಳು ಹಲವು. 1971ರಲ್ಲಿ ಸ್ಥಾಪಿತವಾದ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳಿವೆ. ತಿರುಮಲೆಯಲ್ಲಿ ಕರ್ನಾಟಕ ಛತ್ರವಿದೆ. ಧರ್ಮಸ್ಥಳದಲ್ಲಿ ವಸತಿಗೃಹಗಳೂ, ಬಂದವರಿಗೆಲ್ಲ ಅನ್ನವಿಕ್ಕುವ ಅನ್ನಪೂರ್ಣ ಛತ್ರವೂ ಇವೆ. ಖಾಸಗಿಯವಂತೂ ಲೆಕ್ಕವಿಲ್ಲ. ಆಯ್ಕೆಗೆ ಕುಳಿತಾಗ ಚಿತ್ರದಲ್ಲಿ ಕಾಣುವ ಈಜುಕೊಳಕ್ಕೆ ಮರುಳಾಗದಿರಿ. 1867ರ ಕಾಯಿದೆಯಲ್ಲಿರುವ ಪ್ರಶ್ನೆಗಳನ್ನೇ ಕೇಳಿ: ನೀರು ಎಲ್ಲಿಯದು? ರಾತ್ರಿ ಕಾವಲಿಗೆ ಯಾರಿದ್ದಾರೆ? ಮಹಡಿಯ ಕಟಕಟೆಗೆ, ಕಿಟಕಿಗೆ ಕಂಬಿಯುಂಟೆ? ಕೊಳವಿದ್ದರೆ ಅದಕ್ಕೆ ಬೇಲಿಯುಂಟೆ? ಮಕ್ಕಳಿಗೆ ಬೇರೆ ದರವೆ, ಹೆಚ್ಚಿನ ಹಾಸಿಗೆಗೆ ಎಷ್ಟು? ನಡುರಾತ್ರಿ ಮಗುವಿಗೆ ಜ್ವರ ಬಂದರೆ ವೈದ್ಯರು ಎಷ್ಟು ದೂರ? ಹೊತ್ತಲ್ಲದ ಹೊತ್ತಿನಲ್ಲಿ ಹಾಲು ಕಾಯಿಸಿ ಕೊಡುವರೆ, ಒಂದು ಹಿಡಿ ಅನ್ನವನ್ನು ಮೆತ್ತಗೆ ಬೇಯಿಸಿ ಕೊಡುವರೆ? ಮಾತು ಬಾಯಿಮಾತಿನಲ್ಲಿಯೇ ಉಳಿಯದೆ, ದರವೂ ಸೌಕರ್ಯವೂ ಬರಹದಲ್ಲಿ ಬರಲಿ.

ಇವುಗಳ ಜೊತೆಗೆ, ಕಾಯಿದೆಯಲ್ಲಿಲ್ಲದ ಎರಡು ಪ್ರಶ್ನೆಗಳನ್ನೂ ಸೇರಿಸಿಕೊಳ್ಳಿ. ನಿಮ್ಮನ್ನು ದಿನವಿಡೀ ಕರೆತಂದ ಗಾಡಿಯ ಚಾಲಕನಿಗೆ ಅಲ್ಲಿ ಮಲಗಲು ಜಾಗ, ಮೀಯಲು ನೀರು ಉಂಟೆ? ನಿಮ್ಮ ಮಗು ಉಂಡ ತಟ್ಟೆಯನ್ನು ಅದೇ ವಯಸ್ಸಿನ ಇನ್ನೊಂದು ಮಗು ತೊಳೆಯುತ್ತಿಲ್ಲವಷ್ಟೆ? ಎಷ್ಟೇ ಸುಖಕರವಾಗಿದ್ದರೂ ಈ ಎರಡಕ್ಕೆ ನೇರವಾದ ಉತ್ತರ ಕೊಡದ ಮನೆ ಮಕ್ಕಳಿಗೆ ತಕ್ಕ ಮನೆಯಲ್ಲ. ಪ್ರವಾಸದಲ್ಲಿ ಮಕ್ಕಳು ಕಲಿಯುವುದು ಕೋಟೆ ಗುಡಿಗಳ ಇಸವಿಯನ್ನು ಮಾತ್ರವಲ್ಲ. ತಮ್ಮ ತಂದೆತಾಯಿಯರು ಯಾರ ಸುಖವನ್ನು ವಿಚಾರಿಸುತ್ತಾರೆ, ಯಾರದನ್ನು ವಿಚಾರಿಸುವುದಿಲ್ಲ ಎಂಬುದನ್ನೂ ಅವರು ಮೌನವಾಗಿ ನೋಡಿ ಕಲಿಯುತ್ತಾರೆ.