ಬೀರುವಿನ ಬಾಗಿಲಿನ ಅಜರುದ್ದೀನ್

2022ರ ಜನವರಿಯ ಒಂದು ಬೆಳಿಗ್ಗೆ, ಒಲೆಯ ಮೇಲೆ ಉಪ್ಪಿಟ್ಟಿಗೆ ನೀರು ಕುದಿಯಲು ಇಟ್ಟು ಪತ್ರಿಕೆ ಬಿಡಿಸಿದಾಗ ನಮ್ಮ ಹೈಕೋರ್ಟಿನ ಒಂದು ತೀರ್ಪಿನ ಸುದ್ದಿ ಕಣ್ಣಿಗೆ ಬಿತ್ತು. ಕರ್ನಾಟಕ ಪ್ರೀಮಿಯರ್ ಲೀಗಿನ ಮೋಸದಾಟದ ಪ್ರಕರಣ ಅದು. 2019ರ ಆಗಸ್ಟ್ 31ರಂದು ಮೈಸೂರಿನಲ್ಲಿ ನಡೆದ ಫೈನಲಿನಲ್ಲಿ ಬಳ್ಳಾರಿ ಟಸ್ಕರ್ಸ್ ತಂಡ ಹುಬ್ಬಳ್ಳಿ ಟೈಗರ್ಸಿಗೆ ಸೋತಿತ್ತು. ಬೇಕೆಂದೇ ನಿಧಾನವಾಗಿ ಬ್ಯಾಟ್ ಮಾಡುವುದಕ್ಕೆ 20 ಲಕ್ಷ ರೂಪಾಯಿ ಕೈ ಬದಲಾಗಿದೆ ಎನ್ನುವುದು ಪೊಲೀಸರ ಆರೋಪ. ಬಳ್ಳಾರಿಯ ನಾಯಕ ಸಿ.ಎಂ. ಗೌತಮ್ ಅವರನ್ನೂ ಅದೇ ತಂಡದ ಅಬ್ರಾರ್ ಕಾಜಿ ಅವರನ್ನೂ ಆ ನವೆಂಬರಿನಲ್ಲಿ ಬಂಧಿಸಿದ್ದರು. ಗೌತಮ್ ಎಂದರೆ ಕರ್ನಾಟಕದ ರಣಜಿ ತಂಡದಲ್ಲಿ ವರ್ಷಗಟ್ಟಲೆ ವಿಕೆಟ್ಟಿನ ಹಿಂದೆ ನಿಂತವರು. ನಮ್ಮ ಶಿವಮೊಗ್ಗದ ಹೆಸರಿನಲ್ಲೂ ಆ ಲೀಗಿನಲ್ಲಿ ಒಂದು ತಂಡ ಇತ್ತು. ಹಾಗಾಗಿ ಬಂಧನದ ಸುದ್ದಿ ಬಂದಾಗ ಇಲ್ಲಿನ ಹುಡುಗರೂ ಬೇರೆ ಊರಿನ ಮಾತು ಎಂದು ಸುಮ್ಮನಿರಲಿಲ್ಲ.

ಹೈಕೋರ್ಟು ಪ್ರಕರಣವನ್ನು ರದ್ದು ಮಾಡಿತು. ಆಟದಲ್ಲಿ ಮೋಸ ಮಾಡುವುದು ಅಪ್ರಾಮಾಣಿಕತೆ ಇರಬಹುದು, ಅಶಿಸ್ತು ಇರಬಹುದು, ಅದಕ್ಕೆ ಕ್ರಮ ಕೈಗೊಳ್ಳಲು ಕ್ರಿಕೆಟ್ ಮಂಡಳಿ ಇದೆ. ಆದರೆ ಅದು ದಂಡಸಂಹಿತೆಯ 420ನೇ ಕಲಮಿನ ವಂಚನೆಯಾಗುವುದಿಲ್ಲ ಎಂದಿತು. ಹಾಗಾದರೆ ನೋಡಲು ಹೋದವರ ಗತಿ? ಅದಕ್ಕೂ ಉತ್ತರ ಇತ್ತು. ಪ್ರೇಕ್ಷಕರಿಗೆ ತಾವು ಮೋಸ ಹೋದೆವು ಅನ್ನಿಸುವುದು ನಿಜ. ಆದರೆ ಹಾಗನ್ನಿಸಿದ ಮಾತ್ರಕ್ಕೆ ಅಪರಾಧ ಹುಟ್ಟುವುದಿಲ್ಲ, ಯಾಕೆಂದರೆ ಟಿಕೆಟನ್ನು ಅವರು ತಾವಾಗಿಯೇ ಕೊಂಡುಕೊಂಡದ್ದು.

ಓದಿ ಮುಗಿಸುವಷ್ಟರಲ್ಲಿ ಉಪ್ಪಿಟ್ಟಿನ ನೀರು ಅರ್ಧ ಬತ್ತಿತ್ತು. ಕಾನೂನು ಓದಿದವರು ತೀರ್ಪು ಸರಿಯೆಂದೇ ಹೇಳಿಯಾರು, ತಕರಾರು ಮಾಡಲು ನಾನು ಯಾರು? ಆದರೂ ‘ತಾವಾಗಿಯೇ ಕೊಂಡದ್ದು’ ಎಂಬ ಮಾತು ಅವತ್ತಿಡೀ ನನ್ನನ್ನು ಬಿಡಲಿಲ್ಲ. ನನ್ನ ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿ, ನಾನು ತಾನಾಗಿಯೇ ಕೊಂಡ ಒಂದು ವಸ್ತು ಇದೆ.

ನಾನು ಬೆಳೆದದ್ದು ಭದ್ರಾವತಿಯ ನ್ಯೂಟೌನಿನಲ್ಲಿ, ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಆ ಊರಿಗೆ ಕ್ರಿಕೆಟ್ಟಿನ ವಿಷಯದಲ್ಲಿ ಒಂದು ಜಂಬ. ಗುಂಡಪ್ಪ ವಿಶ್ವನಾಥ್ 1949ರ ಫೆಬ್ರುವರಿ 12ರಂದು ಹುಟ್ಟಿದ್ದು ಅಲ್ಲಿ. ಬೆಳೆದದ್ದು, ಬ್ಯಾಟು ಹಿಡಿದದ್ದು ಬೆಂಗಳೂರಿನಲ್ಲೇ ಆದರೂ ನಮ್ಮೂರ ಗಂಡಸರು ಬಾಣಂತಿ ಕೋಣೆಯ ಬಾಗಿಲಲ್ಲಿ ತಾವೇ ನಿಂತಿದ್ದವರ ಹಾಗೆ ಮಾತಾಡುತ್ತಿದ್ದರು. 91 ಟೆಸ್ಟ್, 6080 ರನ್, 14 ಶತಕ. ಗಾವಸ್ಕರ್ ತಂಗಿ ಕವಿತಾ ಅವರನ್ನು ಮದುವೆಯಾದ ಸಂಗತಿ ಮಾತ್ರ ನಮ್ಮ ಅಮ್ಮಂದಿರ ಖಾತೆಗೆ ಸೇರಿತ್ತು. ಭದ್ರಾವತಿಯ ಅಳಿಯನೋ ಮುಂಬಯಿಯ ಅಳಿಯನೋ ಎಂದು ಬೋರ್‌ವೆಲ್ ಹತ್ತಿರ ಚರ್ಚೆಯಾಗುತ್ತಿತ್ತು.

ಅಪ್ಪ ಮತ್ತೆ ಮತ್ತೆ ಹೇಳುತ್ತಿದ್ದದ್ದು ಶತಕಗಳ ಕಥೆಯಲ್ಲ. 1980ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ಜ್ಯುಬಿಲಿ ಟೆಸ್ಟ್. ವಿಶ್ವನಾಥ್ ನಾಯಕ. ಬಾಬ್ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿಯಾಗಿತ್ತು. ಚೆಂಡು ಬ್ಯಾಟಿಗೆ ತಗಲಿಲ್ಲ ಎಂದು ಮನಗಂಡ ವಿಶ್ವನಾಥ್ ಟೇಲರ್ ಅವರನ್ನು ವಾಪಸು ಕರೆಸಿದರು. ಆ ಟೇಲರ್ ನಿಂತು ಬೊಥಮ್ ಜೊತೆ 171 ರನ್ ಸೇರಿಸಿದರು, ನಾವು 10 ವಿಕೆಟ್ಟುಗಳಿಂದ ಸೋತೆವು. ಅಪ್ಪ ಇದನ್ನು ಗೆಲುವಿನ ಕಥೆಯ ಹಾಗೆ ಹೇಳುತ್ತಿದ್ದರು. ಕೇಳುತ್ತಾ ಬೆಳೆದ ನನಗೆ ಆಟಗಾರ ಎಂದರೆ ಹೀಗೇ ಇರುತ್ತಾನೆ, ಅದೇನೂ ವಿಶೇಷವಲ್ಲ ಎಂಬ ನಂಬಿಕೆ ಬಂದುಬಿಟ್ಟಿತು. ಆಮೇಲಿನ ಫಜೀತಿಗೆಲ್ಲ ಇದೇ ಮೂಲ.

ನನ್ನ ಪಾಲಿನ ಆಟಗಾರ ವಿಶ್ವನಾಥ್ ಅಲ್ಲ, ಹೈದರಾಬಾದಿನ ಮೊಹಮ್ಮದ್ ಅಜರುದ್ದೀನ್. 1984ರ ಕೊನೆಯ ದಿನ ಕಲ್ಕತ್ತೆಯಲ್ಲಿ ಶುರುವಾದ ಟೆಸ್ಟಿನಲ್ಲಿ ಒಂದು ಶತಕ, ಮದ್ರಾಸಿನಲ್ಲಿ ಇನ್ನೊಂದು, ಕಾನ್ಪುರದಲ್ಲಿ ಮತ್ತೊಂದು. ಮೊದಲ ಮೂರು ಟೆಸ್ಟುಗಳಲ್ಲಿ ಮೂರು ಶತಕ ಅದುವರೆಗೆ ಯಾರೂ ಹೊಡೆದಿರಲಿಲ್ಲ. ಕತ್ತಿಗೆ ತಾಯಿತ, ಎತ್ತಿದ ಕಾಲರು, ಮಣಿಕಟ್ಟು ತಿರುಗಿಸಿದರೆ ಆಫ್‌ಸ್ಟಂಪಿನ ಆಚೆಯ ಚೆಂಡು ಲೆಗ್ ಕಡೆಗೆ ಬೆಣ್ಣೆಯ ಹಾಗೆ ಜಾರುವುದು. ‘ಸ್ಪೋರ್ಟ್‌ಸ್ಟಾರ್’ ಪತ್ರಿಕೆಯ ನಡುಪುಟದಲ್ಲಿ ಬಂದ ಅವನ ಬಣ್ಣದ ಚಿತ್ರಕ್ಕಾಗಿ ನಾನು ಬಳೆಗೆಂದು ಕೂಡಿಟ್ಟ ದುಡ್ಡು ಕೊಟ್ಟೆ. ಗೋಡೆಗೆ ಅಂಟಿಸಿದರೆ ಅಜ್ಜಿ ಸುಮ್ಮನಿರುತ್ತಿರಲಿಲ್ಲ, ಆದ್ದರಿಂದ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದೆ. ಮದುವೆಯಲ್ಲಿ ಬೀರು ನನ್ನ ಜೊತೆ ಬಂತು, ಅಜರುದ್ದೀನನೂ ಬಂದ. ನಮ್ಮನೆಯವರು ಮೊದಲ ಸಲ ಬೀರು ತೆಗೆದಾಗ ನಕ್ಕು, ‘ಇವನಿಗೂ ತಾಂಬೂಲ ಕೊಡಬೇಕಿತ್ತಾ?’ ಎಂದರು.

ಎದುರುಮನೆಯಲ್ಲಿ ಒಬ್ಬರು ಆಪಾ ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಗಂಡ ಅದೇ ಕಾರ್ಖಾನೆಯಲ್ಲಿ. ಕ್ರಿಕೆಟ್ಟು ನನಗಿಂತ ಚೆನ್ನಾಗಿ ಗೊತ್ತಿತ್ತು ಅವರಿಗೆ. ಪಂದ್ಯವಿದ್ದ ದಿನ ರೇಡಿಯೋ ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು, ಇಬ್ಬರೂ ಅಕ್ಕಿ ಆರಿಸುತ್ತಾ ಕಾಮೆಂಟರಿ ಕೇಳುತ್ತಿದ್ದೆವು. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಪಾಕಿಸ್ತಾನದ ವಿರುದ್ಧ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ನಡೆದಾಗ ಟಿವಿ ಇದ್ದ ನಮ್ಮ ಮನೆಯಲ್ಲಿ ಬೀದಿಯ ಜನವೆಲ್ಲ ಸೇರಿತ್ತು. ಅಜರ್ ನಾಯಕ. ಕೊನೆಯಲ್ಲಿ ಅಜಯ್ ಜಡೇಜ ವಕಾರ್ ಯೂನುಸನ ಬೌಲಿಂಗನ್ನು ಬಡಿದದ್ದು, ನಮ್ಮ ವೆಂಕಟೇಶ್ ಪ್ರಸಾದ್ ಅಮೀರ್ ಸೊಹೈಲನ ಸ್ಟಂಪು ಹಾರಿಸಿದ್ದು, 39 ರನ್ನಿನ ಗೆಲುವು. ಆಪಾ ಆ ರಾತ್ರಿ ಬೀದಿಗೆಲ್ಲ ಶಾವಿಗೆ ಪಾಯಸ ಹಂಚಿದರು.

ನಾಲ್ಕು ವರ್ಷ ಕಳೆಯಿತು. 2000ದ ಮಾರ್ಚಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಬೆಂಗಳೂರಿನಲ್ಲಿ ಟೆಸ್ಟ್. ಇನ್ನಿಂಗ್ಸ್ ಸೋಲು ಎದುರಿಗೇ ಇದ್ದಾಗ ಅಜರ್ 102 ಹೊಡೆದರು. ಅದು ಅವರ 99ನೇ ಟೆಸ್ಟ್, 22ನೇ ಶತಕ. ನೂರನೆಯದು ಬರಲೇ ಇಲ್ಲ.

ಏಪ್ರಿಲ್ 7ರಂದು ದೆಹಲಿ ಪೊಲೀಸರು ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಮೇಲೆ ಮೋಸದಾಟದ ಆರೋಪ ಹೊರಿಸಿದರು, ದೂರವಾಣಿ ಸಂಭಾಷಣೆ ತಮ್ಮ ಬಳಿ ಇದೆ ಎಂದರು. ಬೆಂಗಳೂರಿನ ಆ ಟೆಸ್ಟಿನಲ್ಲಿ ಎದುರು ತಂಡದ ನಾಯಕ ಇದೇ ಕ್ರೋನಿಯೆ. ಆತ ಸುಳ್ಳು ಎಂದ. ನಾಲ್ಕೇ ದಿನದಲ್ಲಿ, ನಾನು ಪೂರ್ತಿ ಪ್ರಾಮಾಣಿಕನಾಗಿರಲಿಲ್ಲ ಎಂದು ತನ್ನ ಮಂಡಳಿಗೆ ಒಪ್ಪಿಕೊಂಡ. ಜೂನಿನಲ್ಲಿ ಕೇಪ್‌ಟೌನಿನ ಕಿಂಗ್ ಆಯೋಗದ ಮುಂದೆ, 1996ರಲ್ಲಿ ಕಾನ್ಪುರದಲ್ಲಿ ತನಗೆ ಬುಕ್ಕಿಯೊಬ್ಬನನ್ನು ಪರಿಚಯಿಸಿದ್ದು ಅಜರುದ್ದೀನ್ ಎಂದು ಹೇಳಿದ. ನವೆಂಬರಿನಲ್ಲಿ ಸಿಬಿಐ ವರದಿ ಹೊರಬಂತು. ಇರುವ ಕಾನೂನಿನಲ್ಲಿ ಮೊಕದ್ದಮೆ ನಿಲ್ಲುವುದು ಕಷ್ಟ ಎಂಬ ಮಾತು ಆಗಲೇ ಬಂದಿತ್ತು. ಡಿಸೆಂಬರಿನಲ್ಲಿ ಮಂಡಳಿ ಅಜರ್‌ಗೆ ಆಜೀವ ನಿಷೇಧ ಹೇರಿತು, ಜಡೇಜಗೆ ಐದು ವರ್ಷ.

ಆ ವರ್ಷ ಭದ್ರಾವತಿಯಲ್ಲಿ ಪತ್ರಿಕೆ ಓದುವುದೆಂದರೆ ಹಿಂಸೆ. ನ್ಯೂಸ್‌ಪ್ರಿಂಟ್ ತಯಾರಿಸುತ್ತಿದ್ದ ಕಾಗದದ ಗಿರಣಿ ನಮ್ಮೂರಿನದೇ. ಯಾರ ಮಾನ ಹೋಗುವುದೂ ನಮ್ಮೂರ ಕಾಗದದ ಮೇಲೆಯೇ ಅನ್ನಿಸುತ್ತಿತ್ತು. (ಆ ಗಿರಣಿ ನಿಂತು ಎಷ್ಟೋ ವರ್ಷಗಳಾದವು. ಪೇಪರ್‌ಟೌನಿನ ಕಡೆ ಹೋದರೆ ಮನಸ್ಸು ಕೆಡುತ್ತದೆ. ಅದು ಬೇರೆ ಕಥೆ.) ಮನೆಯಲ್ಲಿ ಗಂಡಸರು ಹಳೆಯ ಪಂದ್ಯಗಳನ್ನೆಲ್ಲ ಕೆದಕಿದರು. ಅವತ್ತು ಆ ರನ್ನೌಟು ಯಾಕಾಯಿತು, ಇವತ್ತು ಟಾಸ್ ಗೆದ್ದು ಫೀಲ್ಡಿಂಗ್ ಯಾಕೆ. ಎಲ್ಲರೂ ಪತ್ತೇದಾರರೇ. ನಮ್ಮ ಮೈದುನನಂತೂ ಇನ್ನು ಕ್ರಿಕೆಟ್ ನೋಡುವುದಿಲ್ಲ ಎಂದು ಶಪಥ ಮಾಡಿದ. ಮರುವರ್ಷ ಮಾರ್ಚಿನಲ್ಲಿ ಕಲ್ಕತ್ತೆಯಲ್ಲಿ ಲಕ್ಷ್ಮಣ್–ದ್ರಾವಿಡ್ ದಿನವಿಡೀ ಔಟಾಗದೆ ಆಡಿದಾಗ ಟಿವಿ ಮುಂದಿನಿಂದ ಊಟಕ್ಕೂ ಏಳಲಿಲ್ಲ.

ನನ್ನನ್ನು ಕಾಡಿದ್ದು ಹಣದ ವಿಷಯವಲ್ಲ. ನಾನು ಕಂಡ ಸಂತೋಷಗಳಲ್ಲಿ ಯಾವುದು ಅಸಲಿ, ಯಾವುದು ನಕಲಿ ಎಂದು ವಿಂಗಡಿಸುವುದು ಹೇಗೆ? ಮಾರ್ಚ್ 9ರ ಆ ರಾತ್ರಿಯನ್ನು ಯಾರೂ ಶಂಕಿಸಿರಲಿಲ್ಲ, ಆದರೆ ಶಂಕೆಗೆ ಪುರಾವೆ ಬೇಕೇ? ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕರೆ ಆಮೇಲೆ ಪ್ರತಿ ತುತ್ತನ್ನೂ ನಿಧಾನವಾಗಿಯೇ ಅಗಿಯುತ್ತೇವೆ. ‘ನಮ್ಮ ವಿಶಿ ಆಗಿದ್ದರೆ ಹೀಗೆ ಮಾಡುತ್ತಿದ್ದನಾ?’ ಎಂದು ಅಪ್ಪ ಗುಡುಗಿದರು. ನಾನೂ ಹೂಂಗುಟ್ಟಿದೆ. ಆದರೆ ವಿಶ್ವನಾಥರನ್ನು ಅಪ್ಪ ತಿಳಿದದ್ದೂ ನಾನು ಅಜರ್‌ನನ್ನು ತಿಳಿದ ದಾರಿಯಲ್ಲೇ ಅಲ್ಲವೇ, ರೇಡಿಯೋದಿಂದ, ಪತ್ರಿಕೆಯಿಂದ? ಅವರ ನಂಬಿಕೆ ಉಳಿಯಿತು, ನನ್ನದು ಉಳಿಯಲಿಲ್ಲ.

ಆಪಾ ಜಗಲಿಗೆ ಬರುವುದನ್ನು ನಿಲ್ಲಿಸಿದರು. ಮೊದಲು ನಾನು ಗಮನಿಸಲಿಲ್ಲ. ಬೀದಿಯಲ್ಲಿ ಜನ ಆಟಗಾರನ ಜೊತೆಗೆ ಅವನ ಮತವನ್ನೂ ಎಳೆದು ಮಾತಾಡುತ್ತಿದ್ದರು. ಜಡೇಜನ ಹೆಸರು ಬಂದಾಗ ‘ಪಾಪ, ಹುಡುಗ ಕೆಟ್ಟ’, ಅಜರ್ ಹೆಸರು ಬಂದಾಗ ಬೇರೆಯೇ ಮಾತು. ನಮ್ಮ ಮನೆಯ ಜಗಲಿಯಲ್ಲೂ ಅಂಥ ಮಾತು ಬಂದಿತ್ತು, ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆನೇ ಹೊರತು ಏನೂ ಅನ್ನಲಿಲ್ಲ. ಒಂದು ಮಧ್ಯಾಹ್ನ ನಾನೇ ಆಪಾ ಮನೆಗೆ ಹೋದೆ. ಅವರು ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದರು. ‘ನಿನಗೇನು ಮಾರಾಯ್ತಿ, ಬೈಬಹುದು. ಬೈದರೆ ನಿನಗೆ ಸಮಾಧಾನ. ನಾನು ಬೈದರೆ, ನೋಡು, ಅವರೇ ಒಪ್ಪಿಕೊಂಡರು ಅಂತಾರೆ. ಬೈಯದಿದ್ದರೆ, ನೋಡು, ಅವರವರನ್ನ ಬಿಟ್ಟುಕೊಡಲ್ಲ ಅಂತಾರೆ. ನನಗೂ ಅವನ ಮೇಲೆ ಸಿಟ್ಟಿದೆ. ಎಲ್ಲಿ ಇಡಲಿ ಅದನ್ನ?’ ಎಂದರು. ಹದಿನಾರು ವರ್ಷ ಜೊತೆಗೆ ಅಕ್ಕಿ ಆರಿಸಿದವಳಿಗೆ ಆ ಮಾತು ತಾನಾಗಿ ಹೊಳೆದಿರಲಿಲ್ಲ. ಅವತ್ತು ನಾಚಿಕೆಯಾದದ್ದು ಅಜರ್ ವಿಷಯಕ್ಕಲ್ಲ.

ಹೀಗೆ ಮೋಸ ಹೋದವರು ನಾವೇ ಮೊದಲಲ್ಲ. ಅಮೆರಿಕದವರಿಗೆ ಬೇಸ್‌ಬಾಲ್ ಎಂದರೆ ನಮಗೆ ಕ್ರಿಕೆಟ್ ಇದ್ದ ಹಾಗೆ, ಚೆಂಡನ್ನು ದೊಣ್ಣೆಯಿಂದ ಹೊಡೆದು ನಾಲ್ಕು ಮೂಲೆ ಓಡುವ ಆಟ. 1919ರ ಅಲ್ಲಿನ ದೊಡ್ಡ ಸರಣಿಯಲ್ಲಿ ಶಿಕಾಗೋ ವೈಟ್ ಸಾಕ್ಸ್ ತಂಡ ಸಿನ್ಸಿನಾಟಿಗೆ ಸೋತಿತು. ಜೂಜುಕೋರರಿಂದ ಹಣ ಪಡೆದು ಸೋತರೆಂದು ಎಂಟು ಆಟಗಾರರ ಮೇಲೆ ಮೊಕದ್ದಮೆ. 1921ರ ಆಗಸ್ಟಿನಲ್ಲಿ ಜ್ಯೂರಿ ಅವರನ್ನು ನಿರ್ದೋಷಿಗಳೆಂದಿತು. ಮಾರನೆಯ ದಿನವೇ ಬೇಸ್‌ಬಾಲಿನ ಮುಖ್ಯಾಧಿಕಾರಿ ಲ್ಯಾಂಡಿಸ್ ಎಂಟೂ ಜನರನ್ನು ಆಟದಿಂದ ಶಾಶ್ವತವಾಗಿ ಹೊರಹಾಕಿದ. ಅವರಲ್ಲಿ ಎಲ್ಲರ ಅಚ್ಚುಮೆಚ್ಚು ಜೋ ಜಾಕ್ಸನ್. ಕೋರ್ಟಿನ ಮೆಟ್ಟಿಲ ಮೇಲೆ ಪುಟ್ಟ ಹುಡುಗನೊಬ್ಬ, ಇದು ಸುಳ್ಳು ಅಂತ ಹೇಳು ಜೋ ಎಂದು ಅವನನ್ನು ಅಂಗಲಾಚಿದನಂತೆ. ಹಾಗೆ ನಡೆಯಲೇ ಇಲ್ಲ ಎಂದು ಜಾಕ್ಸನ್ ಆಮೇಲೆ ಹೇಳಿದ. ಆದರೂ ಆ ಹುಡುಗನನ್ನು ಜನ ಬಿಟ್ಟುಕೊಡಲಿಲ್ಲ. 2025ರ ಮೇ ತಿಂಗಳಲ್ಲಿ ಜಾಕ್ಸನ್ ಮೇಲಿನ ನಿಷೇಧ ತೆಗೆದರು, ಅವನು ಸತ್ತು 73 ವರ್ಷಗಳಾದ ಮೇಲೆ.

ನಮ್ಮಲ್ಲಿ ಇಷ್ಟು ಕಾಯಬೇಕಾಗಲಿಲ್ಲ. 2003ರ ಜನವರಿಯಲ್ಲಿ ದೆಹಲಿ ಹೈಕೋರ್ಟು ಜಡೇಜ ಮೇಲಿನ ನಿಷೇಧ ತೆಗೆಯಿತು. ಕ್ರೋನಿಯೆ ಅಷ್ಟರಲ್ಲಿ, 2002ರ ಜೂನ್ 1ರಂದು, ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. 2013ರಲ್ಲಿ ಬಂಧಿತನಾದ ಶ್ರೀಶಾಂತನನ್ನು 2015ರಲ್ಲಿ ದೆಹಲಿಯ ಕೋರ್ಟು ಬಿಟ್ಟಿತು. ಅಜರ್ ಕಥೆಯಲ್ಲಂತೂ ಕೋರ್ಟಿಗಿಂತ ಮತದಾರರೇ ಮುಂದಾದರು. ನಿಷೇಧ ಇನ್ನೂ ಇದ್ದಾಗಲೇ 2009ರಲ್ಲಿ ಉತ್ತರಪ್ರದೇಶದ ಮುರಾದಾಬಾದಿನವರು ಅವರನ್ನು ಲೋಕಸಭೆಗೆ ಕಳಿಸಿದರು. 2012ರ ನವೆಂಬರಿನಲ್ಲಿ ಆಂಧ್ರಪ್ರದೇಶ ಹೈಕೋರ್ಟು ಆ ನಿಷೇಧ ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದಿತು. ಅಜರ್‌ಗೆ ಆಗ 49.

ಆ ಹೊತ್ತಿಗೆ ನಾವೂ ಶಿವಮೊಗ್ಗಕ್ಕೆ ಬಂದಿದ್ದೆವು, ಆಪಾ ಕೂಡ ಮಗನ ಜೊತೆ ಇಲ್ಲೇ ಇದ್ದರು. ಸಂಜೆ ಫೋನು ಮಾಡಿದೆ.

‘ಹಾಗಾದರೆ ತಪ್ಪು ಮಾಡಿಲ್ಲ ಅಂತಾಯ್ತಾ?’ ಎಂದು ಕೇಳಿದರು.

‘ಮಂಡಳಿ ಮಾಡಿದ ನಿಷೇಧ ಸರಿಯಿಲ್ಲ ಅಂತಾಯ್ತು ಆಪಾ.’

‘ಅದಲ್ಲ ನಾನು ಕೇಳಿದ್ದು.’

ನನಗೂ ಗೊತ್ತಿತ್ತು ಅದಲ್ಲ ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ, ‘ಮದ್ರಾಸಿನ ಆ ಸೆಂಚುರಿ ದಿನ ನಿಮ್ಮನೇಲಿ ಕರೆಂಟು ಹೋಗಿ ನನ್ನ ರೇಡಿಯೋ ತಂದಿದ್ದೆ, ನೆನಪಿದೆಯಾ?’ ಎಂದರು. ನೆನಪಿತ್ತು. ಅರ್ಧ ಗಂಟೆ ಮಾತಾಡಿದೆವು, ಬರೀ 1985ರ ಬಗ್ಗೆ.

ಆ ಚಿತ್ರವನ್ನು 2000ದ ಡಿಸೆಂಬರಿನಲ್ಲಿ ನಾನು ಬೀರುವಿನ ಬಾಗಿಲಿನಿಂದ ಕಿತ್ತಿದ್ದೆ. ಹರಿಯಲು ಕೈ ಬರಲಿಲ್ಲ. ಒಳ್ಳೆಯ ದಪ್ಪ ಕಾಗದ, ಬಿಸಾಡುವುದು ಯಾಕೆಂದು ಮುಖ ಕೆಳಗೆ ಮಾಡಿ ಸೀರೆಗಳ ಅಡಿಗೆ ಹಾಸಿದೆ, ಮೇಲೆ ನುಸಿಗುಳಿಗೆ ಇಟ್ಟೆ. ಪ್ರತಿ ದೀಪಾವಳಿಗೂ ಬೀರು ಖಾಲಿ ಮಾಡಿ ಒರೆಸಿ ಬೇರೆ ಅರೆಗಳಿಗೆಲ್ಲ ಹೊಸ ಕಾಗದ ಹಾಸುತ್ತೇನೆ. ಆ ಒಂದು ಅರೆಯದು ಮಾತ್ರ ಇನ್ನೊಂದು ವರ್ಷ ಬಂದೀತು ಅನ್ನಿಸಿ ಹಾಗೇ ಉಳಿಯುತ್ತದೆ.