ಕ್ಯಾಲೊರಿಯ ಲೆಕ್ಕದಿಂದ ಹಸಿವಿನ ಲೆಕ್ಕಕ್ಕೆ

ನಲವತ್ತೈದು ದಾಟಿದವರು ತೂಕದ ವಿಚಾರವಾಗಿ ವೈದ್ಯರ ಮುಂದೆ ಕೂತಾಗ ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ‘ಮೊದಲು ಉಣ್ಣುತ್ತಿದ್ದಷ್ಟೇ ಉಣ್ಣುತ್ತೇನೆ, ತೂಕ ಮಾತ್ರ ಏರುತ್ತಲೇ ಇದೆ’ ಎಂಬುದು ಒಂದು. ‘ಊಟ ಕಡಿಮೆ ಮಾಡಿದರೆ ಹಸಿವು ತಡೆಯಲಾಗುವುದಿಲ್ಲ’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹುಡುಕಲು ವಿಜ್ಞಾನ ನೂರಮೂವತ್ತು ವರ್ಷದ ಹಿಂದೆಯೇ ಹೊರಟಿತು. ಎರಡನೆಯದನ್ನು ಬಹುಕಾಲ ಮನೋಬಲದ ಕೊರತೆ ಎಂದು ಬದಿಗೆ ಸರಿಸಿತು. ಆ ಉಪೇಕ್ಷೆಗೆ ಬೆಲೆ ತೆತ್ತವರು ಪಥ್ಯ ಹಿಡಿದು ಸೋತ ಲಕ್ಷಾಂತರ ಜನ. ಅವರ ಸೋಲಿಗೆ ಅವರನ್ನೇ ದೂರಲಾಯಿತು. ಕಳೆದ ಮೂವತ್ತು ವರ್ಷಗಳ ಸಂಶೋಧನೆ ಈ ದೂರನ್ನು ಬಹುಮಟ್ಟಿಗೆ ಸುಳ್ಳಾಗಿಸಿದೆ.

ಲೆಕ್ಕದ ಕಥೆ ಶುರುವಾಗುವುದು ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಅಲ್ಲಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಆಟ್‌ವಾಟರ್ 1890ರ ದಶಕದಲ್ಲಿ ಮುಚ್ಚಿದ ಕೋಣೆಯೊಂದನ್ನು ಕಟ್ಟಿಸಿ, ಅದರೊಳಗೆ ಮನುಷ್ಯರನ್ನು ದಿನಗಟ್ಟಲೆ ಇರಿಸಿ, ಅವರ ಮೈಯಿಂದ ಹೊರಡುವ ಶಾಖವನ್ನೂ ಉಸಿರನ್ನೂ ಅಳೆದರು. ಪಿಷ್ಟ ಮತ್ತು ಪ್ರೋಟೀನು ಗ್ರಾಮಿಗೆ 4 ಕ್ಯಾಲೊರಿ, ಕೊಬ್ಬು 9 ಎಂದು ಇಂದು ಬಿಸ್ಕತ್ತಿನ ಪೊಟ್ಟಣದ ಮೇಲೆ ಅಚ್ಚಾಗುವ ಲೆಕ್ಕದ ಮೂಲ ಅದೇ. 1918ರಲ್ಲಿ ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆ ಬರೆದ ಪುಸ್ತಕ ಕ್ಯಾಲೊರಿ ಎಣಿಸುವುದನ್ನು ಅಮೆರಿಕದ ಮನೆಮನೆಗೆ ತಲುಪಿಸಿತು. ಮರುವರ್ಷವೇ ಹ್ಯಾರಿಸ್ ಮತ್ತು ಬೆನೆಡಿಕ್ಟ್, ಎತ್ತರ, ತೂಕ, ವಯಸ್ಸು ಕೊಟ್ಟರೆ ದೇಹಕ್ಕೆ ಬೇಕಾದ ಕನಿಷ್ಠ ಶಕ್ತಿಯನ್ನು ಹೇಳುವ ಸೂತ್ರ ಪ್ರಕಟಿಸಿದರು.

ನಮ್ಮ ದೇಶಕ್ಕೆ ಕ್ಯಾಲೊರಿ ಬಂದ ದಾರಿ ಬೇರೆ. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಆರಂಭಿಸಿದ ಪ್ರಯೋಗಾಲಯದಿಂದ 1937ರಲ್ಲಿ ಡಬ್ಲ್ಯು. ಆರ್. ಐಕ್ರಾಯ್ಡ್ ಭಾರತೀಯ ಆಹಾರಗಳ ಪೌಷ್ಟಿಕಾಂಶದ ಪಟ್ಟಿಯನ್ನು ಹೊರತಂದರು. ಅಲ್ಲಿನ ಪ್ರಶ್ನೆ ಹೊಟ್ಟೆ ತುಂಬದವರಿಗೆ ಎಷ್ಟು ಕೊಡಬೇಕು ಎಂಬುದಾಗಿತ್ತು. ಬೆರಿಬೆರಿ, ಬರ, ಪಡಿತರ ಇವೇ ಆ ವಿಜ್ಞಾನಿಗಳ ಚಿಂತೆ. ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಗಿ ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಕೊರತೆಯನ್ನು ಅಳೆಯಲು ಹುಟ್ಟಿದ ಸಂಸ್ಥೆ ಇಂದು ಬೊಜ್ಜಿನ ಬಗ್ಗೆಯೂ ಮಾರ್ಗಸೂಚಿ ಬರೆಯಬೇಕಾಗಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ವಯಸ್ಕ ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಸುಮಾರು 30 ಮಂದಿಯ ತೂಕ ಹೆಚ್ಚು.

ಲೆಕ್ಕದ ಪಂಥ ಕೊಟ್ಟ ಅತಿ ಜನಪ್ರಿಯ ಸೂತ್ರ 1958ರದು. ಒಂದು ಪೌಂಡು ತೂಕಕ್ಕೆ 3,500 ಕ್ಯಾಲೊರಿ, ಅಂದರೆ ಒಂದು ಕಿಲೋಗೆ ಸುಮಾರು 7,700. ದಿನಕ್ಕೆ 500 ಕಡಿಮೆ ಮಾಡಿದರೆ ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕಿಲೋ, ವರ್ಷಕ್ಕೆ ಸುಮಾರು ಇಪ್ಪತ್ನಾಲ್ಕು ಕಿಲೋ! ಕಾಗದದ ಮೇಲೆ ಸರಿ, ಮೈಯಲ್ಲಿ ಹಾಗಾಗುವುದಿಲ್ಲ. ತೂಕ ಇಳಿದಂತೆ ದೇಹದ ಖರ್ಚೂ ಇಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಇದನ್ನು ತಿದ್ದಿದರು. ದಿನಕ್ಕೆ ಸುಮಾರು 24 ಕ್ಯಾಲೊರಿಯನ್ನು ಕಾಯಂ ಆಗಿ ಕಡಿಮೆ ಮಾಡಿದರೆ ಕೊನೆಗೆ ಒಂದು ಕಿಲೋ ಇಳಿಯುತ್ತದೆ, ಅದರಲ್ಲಿ ಅರ್ಧ ಇಳಿಯಲು ಒಂದು ವರ್ಷ, ಹೆಚ್ಚುಕಡಿಮೆ ಪೂರ್ತಿ ಇಳಿಯಲು ಮೂರು ವರ್ಷ. ಮೂರು ತಿಂಗಳಲ್ಲಿ ಹದಿನೈದು ಕಿಲೋ ಎಂದು ಜಾಹೀರಾತು ಕೊಡುವವರು ಈ ಲೆಕ್ಕವನ್ನು ಯಾರಿಗೂ ತೋರಿಸುವುದಿಲ್ಲ.

ಇನ್ನು ಹಸಿವಿನ ಕಡೆಗೆ ಬರೋಣ. 1912ರಲ್ಲಿ ವಾಲ್ಟರ್ ಕ್ಯಾನನ್ ಅವರ ಶಿಷ್ಯ ವಾಶ್‌ಬರ್ನ್ ರಬ್ಬರಿನ ಬಲೂನೊಂದನ್ನು ನುಂಗಿ, ಹೊಟ್ಟೆ ಹಿಂಡಿದಾಗಲೆಲ್ಲ ತನಗೆ ಹಸಿವಾಗುತ್ತದೆಂದು ತೋರಿಸಿದರು. ಹಸಿವಿನ ಮನೆ ಹೊಟ್ಟೆ ಎಂಬ ಈ ತೀರ್ಮಾನ ಹೆಚ್ಚು ಕಾಲ ನಿಲ್ಲಲಿಲ್ಲ. 1940ರ ಹೊತ್ತಿಗೆ ಸಂಶೋಧಕರ ಕಣ್ಣು ಮೆದುಳಿನ ಬುಡದ ಹೈಪೊಥಲಮಸ್ ಕಡೆ ಹೊರಳಿತ್ತು. 1951ರಲ್ಲಿ ಯೇಲ್‌ನಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ಶರೀರಶಾಸ್ತ್ರಜ್ಞ ಬಿ. ಕೆ. ಆನಂದ್, ಜಾನ್ ಬ್ರೋಬೆಕ್ ಅವರೊಂದಿಗೆ ಸೇರಿ ಹೈಪೊಥಲಮಸ್‌ನ ಪಕ್ಕದ ಭಾಗಕ್ಕೆ ಪೆಟ್ಟಾದರೆ ಇಲಿ ತಿನ್ನುವುದನ್ನೇ ಬಿಡುತ್ತದೆ ಎಂದು ಕಂಡುಕೊಂಡರು. ಆನಂದ್ ಮುಂದೆ ದೆಹಲಿಯ ಏಮ್ಸ್‌ನಲ್ಲಿ ಶರೀರಶಾಸ್ತ್ರ ವಿಭಾಗವನ್ನು ಕಟ್ಟಿದರು. ನಮ್ಮ ಪಠ್ಯಗಳಲ್ಲಿ ಈ ಹೆಸರಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲವೆಂಬುದು ನನ್ನ ಕೊರಗು.

ಆದರೆ ಹಸಿವಿನ ನಿಜರೂಪವನ್ನು ತೋರಿಸಿದ್ದು ಮನುಷ್ಯರ ಮೇಲೆ ನಡೆದ ಒಂದು ಪ್ರಯೋಗ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಯುರೋಪಿನ ಹಸಿದವರಿಗೆ ಹೇಗೆ ಉಣಿಸಬೇಕು ಎಂದು ತಿಳಿಯಲು ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಯುವಕರನ್ನು ಆರಿಸಿಕೊಂಡರು. ಎಲ್ಲರೂ ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪದೆ, ಬದಲಿಗೆ ಈ ಸೇವೆಗೆ ತಾವಾಗಿ ಮುಂದೆ ಬಂದವರು. 24 ವಾರ ಅವರಿಗೆ ಸಿಕ್ಕಿದ್ದು ದಿನಕ್ಕೆ ಸರಾಸರಿ 1,570 ಕ್ಯಾಲೊರಿ. ವಾರಕ್ಕೆ ಮೂವತ್ತೈದು ಕಿಲೋಮೀಟರ್ ನಡೆಯಲೇಬೇಕಿತ್ತು. ತೂಕ ಸುಮಾರು ಕಾಲುಭಾಗ ಇಳಿಯಿತು. ಅದರ ಜತೆಗೆ ಅವರ ಮನಸ್ಸಿಗೆ ಆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಕನಸಿನಲ್ಲೂ ಊಟ. ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು, ತಟ್ಟೆ ನೆಕ್ಕಿದರು, ಒಂದು ತುತ್ತನ್ನು ಎಷ್ಟೋ ಹೊತ್ತು ಎಳೆದರು. ಸಿಡುಕು, ಖಿನ್ನತೆ, ಚಳಿ, ಯಾವುದರಲ್ಲೂ ಆಸಕ್ತಿಯಿಲ್ಲದ ಸ್ಥಿತಿ. ಊಟ ಮತ್ತೆ ಸಿಕ್ಕಮೇಲೂ ಹಸಿವು ತಿಂಗಳುಗಟ್ಟಲೆ ತಣಿಯಲಿಲ್ಲ. ಕಳೆದುಕೊಂಡ ಸ್ನಾಯು ತುಂಬಿಕೊಳ್ಳುವ ಮೊದಲೇ ಕೊಬ್ಬು ಹಿಂದಿನದಕ್ಕಿಂತ ಹೆಚ್ಚಾಗಿ ಕೂಡಿಬಂತು. ಈ ಯುವಕರು ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿಯಾಗಿದ್ದವರು, ಅದಕ್ಕಾಗಿಯೇ ಆಯ್ಕೆಯಾದವರು. ಅವರ ಮನೋಬಲವನ್ನು ಯಾರು ಪ್ರಶ್ನಿಸಬಲ್ಲರು? ಇಷ್ಟಾದರೂ ನಮ್ಮಲ್ಲಿ ಮನೆಗೆಲಸ, ಕಚೇರಿ ಎರಡನ್ನೂ ಹೊತ್ತ ಐವತ್ತರ ಹೆಂಗಸರಿಗೆ ‘ಸಾವಿರ ಕ್ಯಾಲೊರಿ ಪಥ್ಯ’ದ ಚೀಟಿ ಬರೆದುಕೊಡುವವರಿದ್ದಾರೆ.

ಮಿನೆಸೋಟದಲ್ಲಿ ಕಂಡದ್ದರ ಕಾರಣ ತಿಳಿಯಲು ಅರ್ಧ ಶತಮಾನ ಬೇಕಾಯಿತು. ಡಗ್ಲಸ್ ಕೋಲ್ಮನ್ ಇಲಿಗಳ ಮೇಲೆ ನಡೆಸಿದ್ದ ಕೆಲಸದ ಜಾಡು ಹಿಡಿದು 1994ರಲ್ಲಿ ಜೆಫ್ರಿ ಫ್ರೀಡ್ಮನ್ ತಂಡ ಲೆಪ್ಟಿನ್ ಹಾರ್ಮೋನನ್ನು ಗುರುತಿಸಿತು. ಇದು ಕೊಬ್ಬಿನ ಕೋಶಗಳೇ ಮೆದುಳಿಗೆ ಕಳಿಸುವ ಸುದ್ದಿ. ಇದನ್ನೇ ಚುಚ್ಚುಮದ್ದಾಗಿ ಕೊಟ್ಟರೆ ಬೊಜ್ಜು ಕರಗುತ್ತದೆಂಬ ಆಸೆ ಬೇಗನೆ ಮುರಿಯಿತು. ಬೊಜ್ಜಿರುವವರಲ್ಲಿ ಲೆಪ್ಟಿನ್ ಆಗಲೇ ಹೆಚ್ಚಿರುತ್ತದೆ, ಮೆದುಳು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ತೂಕ ಇಳಿದು ಲೆಪ್ಟಿನ್ ಕುಸಿದಾಗ ಮಾತ್ರ ಮೆದುಳು ಬರ ಬಂದಂತೆ ಬೆಚ್ಚುತ್ತದೆ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವ ಜಠರದಿಂದ ಹೊರಡುವ ಗ್ರೆಲಿನ್ ಕಂಡುಹಿಡಿದರು. ಇದು ಊಟದ ಹೊತ್ತಿಗೆ ಮುಂಚೆ ಏರುತ್ತದೆ, ಉಂಡಮೇಲೆ ಇಳಿಯುತ್ತದೆ.

ಪಥ್ಯ ಮಾಡಿದವರ ಪಾಲಿಗೆ ಅತಿ ಮುಖ್ಯವಾದ ಸಾಕ್ಷ್ಯ 2011ರಲ್ಲಿ ಮೆಲ್ಬರ್ನ್‌ನಿಂದ ಬಂತು. ಪ್ರಿಸಿಲ್ಲಾ ಸುಮಿತ್ರನ್ ಮತ್ತು ಸಂಗಡಿಗರು 50 ಮಂದಿಗೆ ಹತ್ತು ವಾರ ಅತಿ ಕಡಿಮೆ ಶಕ್ತಿಯ ಆಹಾರ ಕೊಟ್ಟು ತೂಕ ಇಳಿಸಿದರು. ಪಥ್ಯ ಮುಗಿದು ಒಂದು ವರ್ಷವಾದ ಮೇಲೂ ಅವರ ಲೆಪ್ಟಿನ್ ತಗ್ಗಿಯೇ ಇತ್ತು, ಗ್ರೆಲಿನ್ ಏರಿಯೇ ಇತ್ತು, ಹಸಿವು ಮೊದಲಿಗಿಂತ ಹೆಚ್ಚಿತ್ತು. ತೂಕ ಇಳಿಸಿದವರ ಹಸಿವು ದೇಹ ತನ್ನನ್ನು ಕಾಪಾಡಿಕೊಳ್ಳುವ ಬಗೆ. ಇದನ್ನು ಒಪ್ಪಿಕೊಂಡ ವೈದ್ಯರು ‘ಎಷ್ಟು ಕಡಿಮೆ ತಿನ್ನಬೇಕು’ ಎಂದು ಹೇಳುವ ಮೊದಲು ‘ಯಾವ ಹೊತ್ತಿಗೆ ಹೆಚ್ಚು ಹಸಿವಾಗುತ್ತದೆ’ ಎಂದು ಕೇಳುತ್ತಾರೆ.

ನಡುವಯಸ್ಸಿನ ಪ್ರಶ್ನೆಗೆ ಮರಳಿದರೆ, ಇಲ್ಲಿ ದೊಡ್ಡ ನಂಬಿಕೆಯೊಂದು ಇತ್ತೀಚೆಗೆ ಕುಸಿದಿದೆ. ಮೂವತ್ತು ದಾಟಿದರೆ ದೇಹದ ದಹನ ಮಂದವಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ವಿಶೇಷ ಐಸೊಟೋಪುಗಳಿರುವ ನೀರು ಕುಡಿಸಿ ದಿನದ ಖರ್ಚನ್ನು ಅಳೆಯುವ ವಿಧಾನದಿಂದ ಹಲವು ದೇಶಗಳ 6,400ಕ್ಕೂ ಹೆಚ್ಚು ಮಂದಿಯ ಮಾಹಿತಿಯನ್ನು ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು 2021ರಲ್ಲಿ ಒಟ್ಟುಗೂಡಿಸಿದರು. ದೇಹದ ಗಾತ್ರ ಮತ್ತು ಸ್ನಾಯುವನ್ನು ಲೆಕ್ಕಕ್ಕೆ ಹಿಡಿದರೆ 20ರಿಂದ 60ರವರೆಗೆ ಖರ್ಚು ಬಹುತೇಕ ಸ್ಥಿರ. ಅಲ್ಲಿಂದಾಚೆ ವರ್ಷಕ್ಕೆ ನೂರಕ್ಕೆ 0.7ರಷ್ಟು ಇಳಿಕೆ.

ಹಾಗಾದರೆ ‘ಮೊದಲಿನಷ್ಟೇ ಉಣ್ಣುತ್ತೇನೆ’ ಎನ್ನುವವರು ಸುಳ್ಳಾಡುತ್ತಾರೆಯೇ? ಇಲ್ಲ. ಆದರೆ ಉಂಡದ್ದನ್ನು ನೆನಪಿನಿಂದ ಅಳೆಯುವುದು ಮನುಷ್ಯರಿಗೆ ಸಾಧ್ಯವಾಗದ ಕೆಲಸ. ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು 1992ರಲ್ಲಿ ನ್ಯೂಯಾರ್ಕಿನಲ್ಲಿ ಪರೀಕ್ಷಿಸಿದಾಗ, ತಾವು ತಿಂದದ್ದರ ಸುಮಾರು ಅರ್ಧವನ್ನಷ್ಟೇ ಅವರು ಬರೆದುಕೊಂಡಿದ್ದರು. ನಮ್ಮ ಅಡುಗೆಯಲ್ಲಿ ಈ ತಪ್ಪು ಎಣ್ಣೆಯಲ್ಲೇ ಹೆಚ್ಚು. ಒಗ್ಗರಣೆಗೆ ಕಣ್ಣಂದಾಜಿನಲ್ಲಿ ಸುರಿಯುವ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ ಇದೆ. ಜತೆಗೆ ದೇಹವೂ ಮೊದಲಿನದಲ್ಲ. ಮೂವತ್ತರ ನಂತರ ಸ್ನಾಯು ನಿಧಾನವಾಗಿ ಸವೆಯುತ್ತದೆ, ಕೂತು ಮಾಡುವ ಕೆಲಸ ಹೆಚ್ಚುತ್ತದೆ, ನಿದ್ದೆ ಕೆಡುತ್ತದೆ. ಅಮೆರಿಕದಲ್ಲಿ 1996ರಲ್ಲಿ ಶುರುವಾದ ದೀರ್ಘ ಅಧ್ಯಯನವೊಂದು, ಮುಟ್ಟು ನಿಲ್ಲುವ ಹಂತ ಶುರುವಾದೊಡನೆ ಹೆಂಗಸರಲ್ಲಿ ಕೊಬ್ಬು ಕೂಡುವ ವೇಗ ದುಪ್ಪಟ್ಟಾಗುತ್ತದೆ, ಸ್ನಾಯು ಕುಗ್ಗತೊಡಗುತ್ತದೆ ಎಂದು ತೋರಿಸಿತು. ನಮ್ಮ ಹೆಂಗಸರಲ್ಲಿ ಆ ಹಂತ ಪಾಶ್ಚಾತ್ಯರಿಗಿಂತ ಮೊದಲೇ ಬರುತ್ತದೆ. ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47.

ಭಾರತೀಯ ದೇಹಕ್ಕೆ ಇನ್ನೊಂದು ತೊಡಕು. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಚಿತ್ರ ಹಾಕಿಕೊಂಡರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಮೈಯಲ್ಲಿ 21.2. ನಮ್ಮಲ್ಲಿ ಬಿಎಂಐ 23ಕ್ಕೇ ಎಚ್ಚರಿಕೆ ಶುರುವಾಗಬೇಕು, ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು ಎಂಬ ಮಿತಿಗಳು ಬಂದದ್ದು ಇಂಥ ತಿಳಿವಳಿಕೆಯಿಂದ. ಆದ್ದರಿಂದ ಇಳಿಯಬೇಕಾದದ್ದು ಹೊಟ್ಟೆಯ ಕೊಬ್ಬು, ಉಳಿಯಬೇಕಾದದ್ದು ಸ್ನಾಯು. ತಕ್ಕಡಿ ಇವೆರಡನ್ನೂ ಬೇರೆಯಾಗಿ ತೋರಿಸುವುದಿಲ್ಲ.

ಹೊಟ್ಟೆ ತುಂಬಿಸುವ ಆಹಾರ ಯಾವುದು ಎಂಬ ಸಂಶೋಧನೆ ಈ ಕ್ಷೇತ್ರದ ಅತ್ಯಂತ ಉಪಯುಕ್ತ ಕವಲು. ಸಿಡ್ನಿಯ ಸುಸಾನಾ ಹೋಲ್ಟ್ 1995ರಲ್ಲಿ 38 ಆಹಾರಗಳನ್ನು ಸಮಾನ ಕ್ಯಾಲೊರಿಯ ಪ್ರಮಾಣದಲ್ಲಿ ಕೊಟ್ಟು, ಎರಡು ಗಂಟೆ ಹಸಿವನ್ನು ಗುರುತಿಸಿದರು. ಬಿಳಿ ಬ್ರೆಡ್ಡಿಗೆ 100 ಎಂದಿಟ್ಟರೆ ಬೇಯಿಸಿದ ಆಲೂಗಡ್ಡೆಗೆ 323, ಬೆಣ್ಣೆ ತುಂಬಿದ ಕ್ರೊಸಾಂಗೆ 47. ನೀರು, ನಾರು, ಪ್ರೋಟೀನು ಹೆಚ್ಚಿದ್ದಷ್ಟೂ ತೃಪ್ತಿ ಹೆಚ್ಚು. 2019ರಲ್ಲಿ ಕೆವಿನ್ ಹಾಲ್ 20 ಮಂದಿಯನ್ನು ಆಸ್ಪತ್ರೆಯಲ್ಲೇ ಇರಿಸಿ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಾದಾ ಆಹಾರ ಬೇಕಾದಷ್ಟು ಬಡಿಸಿದರು. ಸಿದ್ಧ ಆಹಾರದ ದಿನಗಳಲ್ಲಿ ಅವರು ತಮಗರಿವಿಲ್ಲದೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು.

ನಮ್ಮ ತಟ್ಟೆಗೆ ಇದನ್ನು ಹೇಗೆ ತರುವುದು? ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ಕೂತು ಕೆಲಸ ಮಾಡುವ 65 ಕಿಲೋ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ, 55 ಕಿಲೋ ಹೆಂಗಸಿಗೆ 1,660 ಸಾಕು. ಇದರಲ್ಲಿ 300–400 ಕಡಿಮೆ ಮಾಡುವುದು ಹಸಿವನ್ನು ಕೆರಳಿಸದ ದಾರಿ ಎಂಬುದು ನನ್ನ ನಿಲುವು. ಅದೇ ಸಂಸ್ಥೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನು ಹೇಳುತ್ತದೆ. ತೂಕ ಇಳಿಸುವಾಗ ಸ್ನಾಯು ಉಳಿಯಬೇಕಾದರೆ ಒಂದು ಗ್ರಾಮಿಗೂ ಮೇಲೆ ಬೇಕೆಂದು ಹಲವು ತಜ್ಞರು ಹೇಳುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಅನುರ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯರ ಮೇಲೆಯೇ ಪ್ರಯೋಗ ನಡೆಸಿ, ಲೈಸೀನ್ ಎಂಬ ಅಮೈನೊ ಆಮ್ಲದ ಅಗತ್ಯ ಹಿಂದೆ ತಿಳಿದಿದ್ದಕ್ಕಿಂತ ಬಹಳ ಹೆಚ್ಚು ಎಂದು ತೋರಿಸಿದರು. ಅಕ್ಕಿ, ರಾಗಿ, ಜೋಳಗಳಲ್ಲಿ ಲೈಸೀನ್ ಕಡಿಮೆ, ಕಾಳುಗಳಲ್ಲಿ ಧಾರಾಳ.

ರಾಗಿ ತಿಂದರೆ ತೂಕ ಇಳಿಯುತ್ತದೆ ಎಂಬ ಮಾತನ್ನು ಇಲ್ಲಿ ತಿದ್ದಬೇಕು. ಕ್ಯಾಲೊರಿಯಲ್ಲಿ ರಾಗಿಗೂ ಅಕ್ಕಿಗೂ ಅಂತಹ ಅಂತರವಿಲ್ಲ, ನಾರಿನಲ್ಲಿ ಬಹಳ ಇದೆ. ಎರಡು ಮುದ್ದೆಯನ್ನು ತೆಳು ಸಾರಿನಲ್ಲಿ ನುಂಗಿದರೆ ಲಾಭವಿಲ್ಲ. ಒಂದು ಸಣ್ಣ ಮುದ್ದೆ, ಎರಡು ಸೌಟು ಗಟ್ಟಿ ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ, ಒಂದು ಲೋಟ ಮಜ್ಜಿಗೆ ಇದ್ದರೆ ಹೊಟ್ಟೆ ಸಂಜೆವರೆಗೆ ಸುಮ್ಮನಿರುತ್ತದೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಮಡಕಿ ಕಾಳು, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿಯ ಊಟವೂ ಅಷ್ಟೇ ಒಳ್ಳೆಯದು. ಕಷ್ಟ ಬರುವುದು ಸಂಜೆ ಐದರಿಂದ ಏಳರವರೆಗೆ. ಆ ಹೊತ್ತಿಗೆ ಹೆಸರುಬೇಳೆ ಕೋಸಂಬರಿ, ಬೇಯಿಸಿದ ಕಡಲೆ ಅಥವಾ ಮೊಟ್ಟೆ ಸಿದ್ಧವಿದ್ದರೆ ಬೋಂಡದ ಅಂಗಡಿ ದಾಟುವುದು ಸುಲಭ. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಬೇಕೇ ಬೇಕು. ನಡಿಗೆ ಒಳ್ಳೆಯದೇ, ಆದರೆ ಸ್ನಾಯುವನ್ನು ಉಳಿಸಲು ಅದೊಂದೇ ಸಾಲದು.

ಈ ಕ್ಷೇತ್ರದ ಈಚಿನ ತಿರುವು ಔಷಧಿಗಳದು. ಉಂಡಮೇಲೆ ಕರುಳು ಹೊರಡಿಸುವ ಜಿಎಲ್‌ಪಿ-1 ಹಾರ್ಮೋನನ್ನು ಅನುಕರಿಸುವ ಸೆಮಾಗ್ಲೂಟೈಡ್, 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 68 ವಾರದಲ್ಲಿ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಸಿತು. ಅದರ ಮತ್ತು ಅಂಥದ್ದೇ ಔಷಧಿಯಾದ ಟಿರ್ಜೆಪಟೈಡ್‌ನ ತೂಕ ಇಳಿಸುವ ಚುಚ್ಚುಮದ್ದುಗಳು 2025ರಲ್ಲಿ ಭಾರತದ ಮಾರುಕಟ್ಟೆಗೂ ಬಂದವು. ಇವು ಕೆಲಸ ಮಾಡುವುದು ಮುಖ್ಯವಾಗಿ ಹಸಿವಿನ ಮೇಲೆಯೇ. ಹಸಿವು ಶರೀರಶಾಸ್ತ್ರದ ವಿಷಯ, ನೈತಿಕತೆಯದಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಆದರೆ ಔಷಧಿ ನಿಲ್ಲಿಸಿದವರಲ್ಲಿ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೆಯ ಎರಡು ಭಾಗ ಮರಳಿತು, ಇಳಿದದ್ದರಲ್ಲಿ ಸ್ನಾಯುವಿನ ಪಾಲೂ ಇತ್ತು. ಮದುವೆಗೆ ಮುಂಚೆ ನಾಲ್ಕು ತಿಂಗಳು ಚುಚ್ಚಿಸಿಕೊಂಡು ಬಿಡುವ ಮದ್ದು ಇದಲ್ಲ.

ಓದುಗರಲ್ಲಿ ಒಂದು ವಿನಂತಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊಟ ಕಡಿಮೆ ಮಾಡುವ ಮೊದಲು ವೈದ್ಯರನ್ನು ಕಂಡು ಔಷಧಿಯ ಪ್ರಮಾಣ ಸರಿಪಡಿಸಿಕೊಳ್ಳಿ. ಇಲ್ಲದಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.