ಎದೆ ತುಂಬಿ ಹಾಡಿದ ಮಕ್ಕಳು

ಈಟಿವಿ ಕನ್ನಡ ವಾಹಿನಿಯ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮವು ನಾಡಿನ ಮಕ್ಕಳ ಗಾಯನವನ್ನು ಮನೆಮನೆಗೆ ತಲುಪಿಸಿತು. ಅದನ್ನು ನಡೆಸಿಕೊಟ್ಟ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಮಾತೃಭಾಷೆ ತೆಲುಗು. ಆದರೂ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ (1995) ಎಂಬ ಕನ್ನಡ ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು ಅವರು. ಮಕ್ಕಳ ಶ್ರುತಿಯನ್ನಷ್ಟೇ ಅಲ್ಲದೆ ಕನ್ನಡದ ಉಚ್ಚಾರಣೆಯನ್ನೂ ಅಕ್ಕರೆಯಿಂದ ತಿದ್ದುತ್ತಿದ್ದರು.

ಕಾರ್ಯಕ್ರಮದ ಹೆಸರು ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಭಾವಗೀತೆಯೊಂದನ್ನು ನೆನಪಿಸುತ್ತದೆ. ಕುಳಿತು ಆಲಿಸುವವರಿದ್ದರೆ ಹಾಡುವವನಿಗೆ ಬೇರೆ ಪುರಸ್ಕಾರ ಬೇಡವೆಂಬುದು ಆ ಗೀತೆಯ ಭಾವ. ಸ್ಪರ್ಧೆಯೊಂದಕ್ಕೆ ಇಂಥ ಹೆಸರು ಒದಗಿದುದು ಅರ್ಥಪೂರ್ಣ.

2020ರ ಸೆಪ್ಟೆಂಬರ್ 25ರಂದು ಎಸ್‌ಪಿಬಿ ನಮ್ಮನ್ನಗಲಿದರು. 2021ರಲ್ಲಿ ಕಲರ್ಸ್ ಕನ್ನಡದಲ್ಲಿ ಅದೇ ಹೆಸರು ಮತ್ತೆ ಮೊಳಗಿತು. ಹಿಲ್ಸ್‌ಬರೋದ ನಮ್ಮ ಮನೆಗಳಲ್ಲಿ ‘ಳ’ಕಾರಕ್ಕೆ ತೊಡರುತ್ತ ಹಾಡುವ ಮಕ್ಕಳಿಗೂ ಬೇಕಾದುದು ಅವೇ ಎರಡು: ತಾಳ್ಮೆಯಿಂದ ಕೇಳುವ ಕಿವಿ, ಅಕ್ಕರೆಯಿಂದ ತಿದ್ದುವ ಮಾತು.